ಅಥ ಐಗಳಿ ಪದಬಂಧ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಅದು 'ಅಥ' ಎಂಬ ಶಬ್ದದಿಂದ ಶುರುವಾಗಬೇಕು ಎಂಬುದು ಹಿರಿಯರ ವಾಡಿಕೆ. ಜೈಮಿನಿಯ ಮೀಮಾಂಸಾಸೂತ್ರ, ಬಾದರಾಯಣರ ಬ್ರಹ್ಮಸೂತ್ರ, ಪತಂಜಲಿಯ ಯೋಗಸೂತ್ರ ಎಲ್ಲವೂ ಹಾಗೇ ಶುರುವಾಗುತ್ತವೆ. ಬೆಳಗಾವಿ ಜಿಲ್ಲೆಯ ತಾಲ್ಲೂಕುಗಳ ಪಟ್ಟಿಯನ್ನು ಎಷ್ಟು ಸಲ ತಿರುವಿ ಹಾಕಿದರೂ 'ಅಥ' ಎಂದು ಆರಂಭವಾಗುವುದು ಒಂದೇ, ಅದು ಅಥಣಿ. ಆದ್ದರಿಂದ ಪದಬಂಧವೆಂಬ ಶಾಸ್ತ್ರ ಹುಟ್ಟಿದ್ದು ಅಥಣಿ ತಾಲ್ಲೂಕಿನಲ್ಲಿ ಎಂಬುದು ಈ ಪ್ರಬಂಧದ ಸಿದ್ಧಾಂತ. ತಾಲ್ಲೂಕಿನೊಳಗೆ ಯಾವ ಊರು ಎಂಬ ಪ್ರಶ್ನೆಗೂ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಅಥಣಿಯಿಂದ ವಿಜಯಪುರದ ಕಡೆ ಹೊರಟ ಬಸ್ಸಿನ ಕಂಡಕ್ಟರು ದಿನಾ ಕೂಗುವ ಹೆಸರೇ ಸಾಕ್ಷಿ: ಐಗಳಿ ಕ್ರಾಸ್. ಕ್ರಾಸ್ ಸಿಕ್ಕಿತು. ಇನ್ನು ವರ್ಡ್ ಹುಡುಕಿದರೆ ಕ್ರಾಸ್‌ವರ್ಡ್ ಪೂರ್ತಿಯಾಯಿತು.

ಪೂರ್ವಪಕ್ಷದವರು ಇದಕ್ಕೆ ಒಪ್ಪುವುದಿಲ್ಲ. ಅವರ ಪ್ರಕಾರ ಮೊದಲ ಪದಬಂಧ ಅಚ್ಚಾದದ್ದು 1913ರ ಡಿಸೆಂಬರ್ 21ರಂದು, 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ. ಕಟ್ಟಿದವನು ಲಿವರ್‌ಪೂಲಿನಲ್ಲಿ ಹುಟ್ಟಿದ ಆರ್ಥರ್ ವಿನ್. ಚೌಕವೂ ಚೌಕವಾಗಿರಲಿಲ್ಲ, ವಜ್ರಾಕಾರವಾಗಿತ್ತು. ಅವನಿಟ್ಟ ಹೆಸರು 'ವರ್ಡ್-ಕ್ರಾಸ್'. ಕೆಲವೇ ವಾರಗಳಲ್ಲಿ ಅಚ್ಚುಮನೆಯವರ ಕೈತಪ್ಪಿನಿಂದ ಅದು ತಿರುಗುಮುರುಗಾಗಿ 'ಕ್ರಾಸ್-ವರ್ಡ್' ಆಯಿತು, ಹಾಗೇ ಉಳಿಯಿತು. ಇದೆಲ್ಲ ನಿಜವೇ. ಆದರೆ ತನ್ನ ಹೆಸರನ್ನೇ ನೆಟ್ಟಗೆ ಉಳಿಸಿಕೊಳ್ಳಲಾಗದ ವಸ್ತುವಿಗೆ ನ್ಯೂಯಾರ್ಕ್ ತವರಾಗುವುದು ಹೇಗೆ? ಐಗಳಿ ಕ್ರಾಸನ್ನು ಯಾವ ಅಚ್ಚುಮನೆಯವರೂ ಇವತ್ತಿನವರೆಗೆ 'ಕ್ರಾಸ್ ಐಗಳಿ' ಮಾಡಿಲ್ಲ.

ಲಂಡನ್ನಿನ 'ಟೈಮ್ಸ್' ತನ್ನ ಪದಬಂಧ ಆರಂಭಿಸಿದ್ದು 1930ರ ಫೆಬ್ರವರಿ 1ರಂದು. ಅದಕ್ಕೂ ಮೊದಲೇ 'ಅಬ್ಸರ್ವರ್' ಪತ್ರಿಕೆಗೆ 'ಟಾರ್ಕ್ವೆಮಾಡಾ' ಎಂಬ ಗುಪ್ತನಾಮದಲ್ಲಿ ಒಬ್ಬ ಕವಿ, ಎಡ್ವರ್ಡ್ ಪೊವಿಸ್ ಮೇದರ್ಸ್, ನೇರ ಅರ್ಥ ಬಿಟ್ಟು ಬರೀ ಶಬ್ದಚೇಷ್ಟೆಯಿಂದ ಸುಳಿವು ಕಟ್ಟತೊಡಗಿದ್ದ. ಟಾರ್ಕ್ವೆಮಾಡಾ ಅಂದರೆ ಸ್ಪೇನಿನಲ್ಲಿ ಧರ್ಮದ ಹೆಸರಲ್ಲಿ ಜನರಿಗೆ ಚಿತ್ರಹಿಂಸೆ ಕೊಡಿಸಿದ ಪಾದ್ರಿ. ಓದುಗರ ವಿಷಯದಲ್ಲಿ ತನ್ನ ಉದ್ದೇಶವೇನೆಂದು ಇಷ್ಟು ಪ್ರಾಮಾಣಿಕವಾಗಿ ಹೇಳಿಕೊಂಡ ಲೇಖಕರು ಕಡಿಮೆ. ಇನ್ನು 1944ರಲ್ಲಿ, ನಾರ್ಮಂಡಿ ದಾಳಿಗೆ ಮುಂಚಿನ ವಾರಗಳಲ್ಲಿ, 'ಡೈಲಿ ಟೆಲಿಗ್ರಾಫ್' ಪದಬಂಧದ ಉತ್ತರಗಳಾಗಿ ಯೂಟಾ, ಒಮಾಹಾ, ಓವರ್‌ಲಾರ್ಡ್, ಮಲ್ಬೆರಿ, ನೆಪ್ಚೂನ್ ಎಂಬ ಸೇನೆಯ ಗುಪ್ತಪದಗಳು ಸಾಲಾಗಿ ಬಂದವು. ಬೇಹುಗಾರಿಕೆ ಇಲಾಖೆಯವರು ಓಡಿಹೋಗಿ ಹಿಡಿದದ್ದು ಲೆನಾರ್ಡ್ ಡಾವ್ ಎಂಬ ಶಾಲೆಯ ಹೆಡ್‌ಮಾಸ್ತರನ್ನು. ಗೂಢಚಾರನಲ್ಲವೆಂದು ಖಾತ್ರಿಯಾದ ಮೇಲೆ ಬಿಟ್ಟರು. ನಮ್ಮ ಕಡೆ ಹಿಂದೆ ಊರ ಮಠದಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದ ಮಾಸ್ತರರನ್ನು 'ಐಗಳು' ಎನ್ನುತ್ತಿದ್ದರು. ಪದಬಂಧ ಕಟ್ಟಿ ಸಿಕ್ಕಿಬಿದ್ದವನೂ ಒಬ್ಬ ಐಗಳೇ ಎಂಬುದನ್ನು ಪೂರ್ವಪಕ್ಷದವರು ಬೇಕೆಂದೇ ಮುಚ್ಚಿಟ್ಟಿದ್ದಾರೆ.

ಕನ್ನಡದಲ್ಲಿ ಈ ಕಲೆಗೆ ಬಹುದೊಡ್ಡ ಹೆಸರು ಅ.ನಾ. ಪ್ರಹ್ಲಾದರಾವ್ ಅವರದು. ಹತ್ತಾರು ಸಾವಿರ ಪದಬಂಧ ಕಟ್ಟಿ ಲಿಮ್ಕಾ ದಾಖಲೆ ಪುಸ್ತಕ ಸೇರಿದವರು. ಅವರು ಹುಟ್ಟಿದ್ದು ಕೋಲಾರದ ಅಬ್ಬಣಿಯಲ್ಲಿ. ಅಬ್ಬಣಿಯೂ 'ಅ'ದಿಂದ ಹೊರಟು 'ಣಿ'ಯಲ್ಲಿ ನಿಲ್ಲುತ್ತದೆ, ಅಥಣಿಯೂ ಹಾಗೆಯೇ. ಇಷ್ಟು ಸಾಮ್ಯವಿದ್ದರೆ ಶಾಸನತಜ್ಞರು ಎರಡು ರಾಜವಂಶಗಳಿಗೆ ಮದುವೆ ಮಾಡಿಸಿಬಿಡುತ್ತಾರೆ.

ಇನ್ನೂ ಹಿಂದಕ್ಕೆ ಹೋಗಬೇಕೆನ್ನುವವರಿಗೆ ಭಾರವಿಯ 'ಕಿರಾತಾರ್ಜುನೀಯ'ದ ಹದಿನೈದನೆಯ ಸರ್ಗವಿದೆ. ಅಲ್ಲಿನ ಸರ್ವತೋಭದ್ರ ಬಂಧವನ್ನು ಎಂಟೆಂಟು ಮನೆಗಳ ಚೌಕದಲ್ಲಿ ಬರೆದರೆ ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ, ಎಲ್ಲಿಂದ ಓದಿದರೂ ಒಂದೇ. ಒಂದು ಕಪ್ಪು ಮನೆಯೂ ಇಲ್ಲ. ಕುಮುದೇಂದು ಮುನಿಯ 'ಸಿರಿಭೂವಲಯ' ಅದನ್ನೂ ಮೀರಿದ್ದು: 27 ಅಡ್ಡ, 27 ಉದ್ದ, ಒಟ್ಟು 729 ಮನೆ, ಮನೆಮನೆಯಲ್ಲೂ 1ರಿಂದ 64ರೊಳಗಿನ ಒಂದು ಅಂಕಿ, ಅಂಕಿಗೊಂದು ಧ್ವನಿ. ಅದರ ಭಾಗವೊಂದು 1953ರಲ್ಲಿ ಅಚ್ಚಾಯಿತು. ಕವಿಯ ಕಾಲದ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಉತ್ತರ ಮುಂದಿನ ವಾರ ಎಂದು ಹೇಳದೆ ಹೋದ ಪದಬಂಧದ ಗತಿ ಇದು.

ಆದರೆ ಐಗಳಿಯ ಪರವಾಗಿ ನಿಲ್ಲುವ ಗಟ್ಟಿ ಪುರಾವೆ ಇರುವುದು ಗ್ರಂಥದಲ್ಲಲ್ಲ, ಮದುವೆಮನೆಯ ಹೊಸ್ತಿಲಲ್ಲಿ. ಹೊಸ ಸೊಸೆ ಅಕ್ಕಿಯ ಸೇರು ಒದ್ದು ಒಳಗೆ ಬರಬೇಕು, ನಾದಿನಿಯರು ಬಾಗಿಲು ಅಡ್ಡಗಟ್ಟಿ ನಿಂತಿರುತ್ತಾರೆ. "ಒಡಪು ಹೇಳಿ ಹೆಸರ ತಗೀರಿ ವೈನಿ, ಅಂದ್ರ ಒಳಗ ಬಿಡತೇವಿ." ಗಂಡನ ಹೆಸರನ್ನು ನೇರ ಹೇಳುವಂತಿಲ್ಲ. ಪ್ರಾಸ ಕಟ್ಟಿ, ಬೆಳ್ಳಿ ಬಟ್ಟಲನ್ನೋ ಮಲ್ಲಿಗೆಯನ್ನೋ ಎಲ್ಲೆಲ್ಲೋ ಸುತ್ತಿಸಿ, ಕೊನೆಗೆ ಅದರ ನಡುವೆ ಹೆಸರನ್ನು ತೂರಿಸಬೇಕು. ಗಡಿಯಾಚೆ ಮರಾಠಿಯವರಲ್ಲೂ ಇದೇ ಆಟ, ಅಲ್ಲಿ ಅದರ ಹೆಸರು 'ಉಖಾಣಾ'. ಶಬ್ದಚೇಷ್ಟೆಯ ಸುಳಿವಿನ ಎಲ್ಲ ಲಕ್ಷಣವೂ ಒಡಪಿನಲ್ಲಿದೆ, ಒಂದು ವ್ಯತ್ಯಾಸದ ಹೊರತು: ಉತ್ತರ ಹಂದರದಡಿ ಕೂತ ಎಲ್ಲರಿಗೂ ಮೊದಲೇ ಗೊತ್ತು, ಲಗ್ನಪತ್ರಿಕೆಯಲ್ಲಿ ಅಚ್ಚಾಗಿದೆ. ಉತ್ತರವನ್ನು ಮುಂಚಿತವಾಗಿ ಹಂಚಿ ಆಮೇಲೆ ಸುಳಿವು ಕೇಳುವ ಈ ಧೈರ್ಯ 'ಟೈಮ್ಸ್'ಗೆ ಇನ್ನೂ ಬಂದಿಲ್ಲ.

ಈಗ ಪ್ರಯೋಗಖಂಡ. ಪದಬಂಧವೆಂದರೆ ವಸ್ತು ಒಂದಿರಬೇಕು, ಎಲ್ಲ ಉತ್ತರವೂ ಅದನ್ನೇ ಸುತ್ತಬೇಕು. ಇಲ್ಲಿ ವಸ್ತು ಐಗಳಿ ಮತ್ತು ಸುತ್ತಲಿನ ಐದು ತಾಲ್ಲೂಕು: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಓದುಗರು ಪೆನ್ಸಿಲ್ ತೆಗೆದುಕೊಂಡು ಅಡ್ಡ ಎಂಟು, ಉದ್ದ ನಾಲ್ಕು ಮನೆಗಳ ಚೌಕ ಹಾಕಿಕೊಳ್ಳಬಹುದು.

ಕಟ್ಟುವವನ ಕಷ್ಟ ಮೊದಲು ತಿಳಿಯಲಿ. ಇಂಗ್ಲಿಷಿನವನ ಒಂದು ಮನೆಯಲ್ಲಿ 26 ಅಕ್ಷರಗಳಲ್ಲಿ ಒಂದು ಕೂರುತ್ತದೆ. ಕನ್ನಡದಲ್ಲಿ 34 ವ್ಯಂಜನಕ್ಕೆ 13 ಸ್ವರ ಹಚ್ಚಿದರೇ 442, ಒತ್ತಕ್ಷರದ ಲೆಕ್ಕ ಇನ್ನೂ ಬೇರೆ. ಅಡ್ಡ ಬಂದ ಪದದ 'ಡ'ಕ್ಕೂ ಉದ್ದ ಬಂದ ಪದದ 'ಡಿ'ಗೂ ನಡುವೆ ಇರುವುದು ಒಂದು ಗುಡಿಸು ಮಾತ್ರ, ಆದರೂ ಇಬ್ಬರೂ ಒಂದು ಮನೆಯಲ್ಲಿ ಬಾಳುವುದಿಲ್ಲ. ಅದಕ್ಕೇ ಕನ್ನಡದ ಚೌಕದಲ್ಲಿ ಕಪ್ಪು ಹೆಚ್ಚು. ಈ ನಮ್ಮ ಚೌಕದ 32 ಮನೆಗಳಲ್ಲಿ ಬಿಳಿ 15, ಕಪ್ಪು 17. ಬದಲಿಗೆ ಕನ್ನಡಿಗನಿಗೆ ಇಂಗ್ಲಿಷಿನವನಿಗಿಲ್ಲದ ಆಯುಧಗಳಿವೆ: ಗುಣಿತ, ಒತ್ತು, ಸಂಧಿ. ನದಿ ಹಿಂದಕ್ಕೆ ಹರಿದರೆ ದಿನವಾಗುತ್ತದೆ, ಕಪಿ ತಿರುಗಿ ನಿಂತರೆ ಪಿಕ. 'ಕುಬೇರನಿಗೇನಿರಬೇಕು' ಎಂದು ಕೇಳಿದರೆ ಪ್ರಶ್ನೆಯೇ ಹಿಂದಿನಿಂದ ಬಂದು ಅದನ್ನೇ ಕೇಳುತ್ತದೆ.

ಒಂದನೆಯ ಸಾಲು, ಐದರಿಂದ ಎಂಟನೆಯ ಮನೆ. ಸುಳಿವು: 'ರಾಯ ಕೊಂಬಿಲ್ಲದೆ ಬಾಗಿದ (4)'. 'ಬಾಗು' ಎಂಬುದರ ಕೊಂಬು ತೆಗೆದರೆ 'ಬಾಗ', ಮುಂದೆ ರಾಯನನ್ನು ನಿಲ್ಲಿಸಿದರೆ ರಾಯಬಾಗ. ಅದೇ 'ರಾ'ದಿಂದ ಕೆಳಕ್ಕೆ: 'ರಾಯನ ತಲೆ, ಧಣಿಯ ಬಾಲ: 1824ರಲ್ಲಿ ಕಿತ್ತೂರಿನಲ್ಲಿ ಕಂಪನಿಗೆ ಬಿಸಿ ಮುಟ್ಟಿಸಿದವಳು (2)'. ರಾಣಿ. ಅವಳ 'ಣಿ'ಯಲ್ಲಿ ಬಂದು ಮುಗಿಯುತ್ತದೆ ಎರಡನೆಯ ಸಾಲಿನ ಮೂರರಿಂದ ಐದನೆಯ ಮನೆಯ ಪದ: 'ಶಾಸ್ತ್ರದ ಮೊದಲು, ಗೋಣಿಯ ಕೊನೆ: ಚಪ್ಪಲಿಯ ಊರು (3)'. ಅಥ, ಮೇಲೆ ಣಿ. ಚಪ್ಪಲಿಯ ಕಥೆಯೂ ಒಂದು ಒಗಟೇ. ಅಥಣಿ, ನಿಪ್ಪಾಣಿಯ ಕಡೆ ಹೊಲಿದ ಜೋಡು ಪೇಟೆಗೆ ಹೋಗುವುದು ಕೊಲ್ಹಾಪುರಿ ಎಂಬ ಹೆಸರಲ್ಲಿ. ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆ ಅದನ್ನು ಹಂಚಿಕೊಂಡವು. ಸುಳಿವು ಒಂದು ರಾಜ್ಯದಲ್ಲಿ, ಉತ್ತರ ಇನ್ನೊಂದರಲ್ಲಿ.

ಅಥಣಿಯ 'ಅ'ದಿಂದ ಕೆಳಕ್ಕೆ: 'ದುಂಬಿಯ ಹಿಂದೆ ಯಮನ ತಲೆ: ಅತ್ತೆಮನೆಯಲ್ಲಿ ಮಾತ್ರ ಇವನಿಗೆ ಮರ್ಯಾದೆ (3)'. ದುಂಬಿಗೆ ಅಳಿ ಎಂಬ ಹೆಸರಿದೆ. ಅಳಿಯ. ಈ ಅಳಿಯನ ನಡುವಿನ 'ಳಿ'ಯನ್ನು ಹಿಡಿದುಕೊಂಡೇ ಮೂರನೆಯ ಸಾಲಿನ ಆರಂಭದ ಮೂರು ಮನೆ ತುಂಬುತ್ತವೆ: 'ಮಠದ ಮಾಸ್ತರರು ಕೊಂಬು ಕಳಚಿ ಗುಡಿಸು ತೊಟ್ಟರು (3)'. ಐಗಳು ಹೋಗಿ ಐಗಳಿ. ಅಥಣಿಗೂ ಐಗಳಿಗೂ ಅಕ್ಷರದಲ್ಲಿ ಯಾವ ಸಂಬಂಧವೂ ಇಲ್ಲ, ಅಳಿಯನೊಬ್ಬ ಬಂದು ಬೀಗತನ ಕಟ್ಟಿದ. ಹಳ್ಳಿಯ ಲೋಕಾನುಭವಕ್ಕೂ ಪದಬಂಧಶಾಸ್ತ್ರಕ್ಕೂ ಇಷ್ಟು ಹೊಂದಾಣಿಕೆ ನ್ಯೂಯಾರ್ಕಿನಲ್ಲಿ ಸಿಗಲಾರದು.

ಅದೇ ಮೂರನೆಯ ಸಾಲಿನ ಬಲತುದಿ, ಆರರಿಂದ ಎಂಟು: 'ಸಣ್ಣದು ಓಡುವಾಗ ಲೋಪ: ಹಿರೇಕೋಡಿಯಿರುವ ತಾಲ್ಲೂಕು (3)'. ಚಿಕ್ಕ, ಓಡಿ, ಎರಡೂ ಸೇರುವಾಗ ಲೋಪಸಂಧಿ, ಚಿಕ್ಕೋಡಿ. ಹೆಸರಿನಲ್ಲಿ ಹಿರಿತನ ಹೊತ್ತ ಹಿರೇಕೋಡಿ ಹಳ್ಳಿಯಾಗಿಯೇ ಉಳಿಯಿತು. ಚಿಕ್ಕೋಡಿಗೆ ಲೋಕಸಭಾ ಕ್ಷೇತ್ರ ಬಂತು, ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯೂ ಆಯಿತು. ಕಂದಾಯದ ಲೆಕ್ಕದಲ್ಲೂ ಬೇರೆ ಜಿಲ್ಲೆ ಆಗಲಿ ಎಂಬ ಕೂಗು ಹಳೆಯದು. ಈ ಬೇಡಿಕೆಗೆ ಅಕ್ಷರಶಾಸ್ತ್ರದ ಬೆಂಬಲವಿದೆ ಎಂಬುದು ಇಲ್ಲಿ ಮೊದಲ ಸಲ ಬಯಲಾಗುತ್ತಿದೆ: ಚಿ, ಕ್ಕೋ, ಡಿ ಮೂರರಲ್ಲಿ ಒಂದೂ ಉಳಿದ ನಾಲ್ಕು ತಾಲ್ಲೂಕಿನ ಹೆಸರಲ್ಲಿ ಇಲ್ಲ.

ಹಾಗಾದರೆ ಚಿಕ್ಕೋಡಿಯನ್ನು ಚೌಕಕ್ಕೆ ತರುವುದು ಹೇಗೆ? ಮೇಲೆ ರಾಯಬಾಗದ 'ಗ' ಇದೆ, ಕೆಳಗೆ ಚಿಕ್ಕೋಡಿಯ 'ಡಿ'. ಎರಡೂ ಅಕ್ಕಪಕ್ಕದ ತಾಲ್ಲೂಕು. ನಡುವೆ ಬರಬೇಕಾದ ಪದ ಎದುರಿಗೇ ನಿಂತಿದೆ: ಗಡಿ. ಬೆಳಗಾವಿ ಜಿಲ್ಲೆಯ ಪದಬಂಧದಲ್ಲಿ ಆ ಪದ ಬರದೆ ಇನ್ನಾವುದು ಬಂದೀತು? ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಮಹಾರಾಷ್ಟ್ರ ಒಪ್ಪಲಿಲ್ಲ, ಈಗ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ. ಆದರೆ ಎರಡಕ್ಷರದ ಗಡಿ ಇಟ್ಟು ನೋಡಿದರೆ ರಾಯಬಾಗದ ಕೆಳಗೇ ಚಿಕ್ಕೋಡಿ ಬಂದು ಅಂಟಿಕೊಳ್ಳುತ್ತದೆ. ಮೇಲಿನಿಂದ ಕೆಳಕ್ಕೆ ಓದಿದರೆ 'ಯಚಿ', 'ಬಾಕ್ಕೋ' ಎಂಬ ಪದಗಳು ಹುಟ್ಟುತ್ತವೆ. ಅವು ಕನ್ನಡವಲ್ಲ. ಮರಾಠಿಯೂ ಅಲ್ಲ, ಆದ್ದರಿಂದ ಅವುಗಳಿಗಾಗಿ ಹೊಡೆದಾಡುವವರೂ ಸಿಗುವುದಿಲ್ಲ. ನಡುವೆ ಒಂದು ಸಾಲು ಬಿಡಲೇಬೇಕು, ಅಂದರೆ ಗಡಿಯೊಳಗೆ ಒಂದು ಅಕ್ಷರ ತುಂಬಬೇಕು. ಬಹಳ ಹುಡುಕಿದ ಮೇಲೆ ಸಿಕ್ಕ ಸುಳಿವು ಇದು: 'ಗಡಿಯ ನಡುವೆ ರಗಳೆಯ ತಲೆ ಎದ್ದರೆ ಪೈಲ್ವಾನರ ಜಾಗ (3)'.

ಗರಡಿ. ಕೊಲ್ಹಾಪುರದಿಂದ ಬೆಳಗಾವಿಯವರೆಗೆ ಕುಸ್ತಿಗೆ ಗಡಿಯೇ ಇಲ್ಲ. ಕೆಮ್ಮಣ್ಣಿನ ಅಖಾಡದಲ್ಲಿ ಯಾರ ಬೆನ್ನು ನೆಲಕ್ಕೆ ತಾಗಿತು ಎಂಬುದೊಂದೇ ಲೆಕ್ಕ, ಅದಕ್ಕೆ ಆಯೋಗ ಬೇಕಿಲ್ಲ.

ಉಳಿದದ್ದು ಕಾಗವಾಡ, ನಿಪ್ಪಾಣಿ. ಎರಡೂ 2018ರಲ್ಲಿ ಹೊಸದಾಗಿ ತಾಲ್ಲೂಕಾದವು: ಕಾಗವಾಡ ಅಥಣಿಯಿಂದ ಒಡೆದು, ನಿಪ್ಪಾಣಿ ಚಿಕ್ಕೋಡಿಯಿಂದ ಒಡೆದು. ಕಾಗವಾಡದ ಸುಳಿವು ಸರಳ: 'ಕಾಗೆಯೂ ವಾಡೆಯೂ ಎತ್ವ ಕಳಕೊಂಡವು (4)'. ಕೂರಿಸುವುದೇ ಕಷ್ಟ. ಅದರ ಎರಡನೆಯ ಅಕ್ಷರ 'ಗ'ವನ್ನು ಐಗಳಿಯ 'ಗ'ದ ಮೇಲೆ ಕೆಳಮುಖವಾಗಿ ಇಟ್ಟರೆ, ತಲೆಯ 'ಕಾ' ಹೋಗಿ ಎರಡನೆಯ ಸಾಲಿನಲ್ಲಿ ಅಥಣಿಯ ಎಡಕ್ಕೆ ತಾಗಿಕೊಳ್ಳುತ್ತದೆ. ಓದಿದರೆ 'ಕಾಅಥಣಿ'. ಸರ್ಕಾರ ಬೇರೆ ಮಾಡಿದ್ದನ್ನು ಪದಬಂಧ ಮತ್ತೆ ಕೂಡಿಸಲು ಅಧಿಕಾರ ಕೊಟ್ಟವರು ಯಾರು? ರಾಯಬಾಗದ 'ಗ' ಕೇಳೋಣವೆಂದರೆ ಅಲ್ಲಿ ಗರಡಿ ಕೂತಾಗಿದೆ. ಒಂದು ಮನೆಯಲ್ಲಿ ಅಡ್ಡಕ್ಕೊಬ್ಬ, ಉದ್ದಕ್ಕೊಬ್ಬ, ಮೂರನೆಯವನಿಗೆ ಜಾಗವಿಲ್ಲ.

ನಿಪ್ಪಾಣಿಯದು: 'ನಿಮ್ಮ ಮೊದಲು, ಒತ್ತಿದ ಕೈ: ತಂಬಾಕಿನ ಪೇಟೆ (3)'. ನಿ, ಆಮೇಲೆ ಒತ್ತು ಬಿದ್ದ ಪಾಣಿ. ಬೀಡಿ ಕಟ್ಟುವ ಕೈಗಳ ಊರಿಗೆ ಇದಕ್ಕಿಂತ ಒಪ್ಪುವ ಸುಳಿವು ಈ ಪ್ರಬಂಧಕ್ಕೆ ತೋಚಿಲ್ಲ. ಹೊಸ ತಾಲ್ಲೂಕುಗಳೆರಡೂ ಪರಸ್ಪರ ಮಾತ್ರ ಸಲೀಸಾಗಿ ಕೂಡುತ್ತವೆ. ಕಾಗವಾಡದ 'ಕಾ'ದಿಂದ 'ಕಾಣಿಕೆ' ಇಳಿಸಿದರೆ ಅದರ 'ಣಿ'ಯಲ್ಲಿ ನಿಪ್ಪಾಣಿ ಬಂದು ನಿಲ್ಲುತ್ತದೆ. ಹೊಸ ಕಚೇರಿ ಎದ್ದಲ್ಲಿ ಮೊದಲು ಬರುವ ಪದ ಅದೇ ಎಂದು ಐಗಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುವವರು ಹೇಳಬಹುದು. ಅದು ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಹೀಗೆ ಎರಡು ಚೌಕವಾದವು, ಹಳೆಯ ಮೂರು ತಾಲ್ಲೂಕಿನದೊಂದು, ಹೊಸ ಎರಡರದೊಂದು. ಇವನ್ನು ಬೆಸೆಯುವ ಪದ ಒಂದು ಸಿಕ್ಕಿತು: ಯಜಮಾನಿ. ಅಳಿಯನ ಕೊನೆಯ 'ಯ'ದಿಂದ ಹೊರಟು ನಾಲ್ಕನೆಯ ಸಾಲಿನಲ್ಲಿ ಬಲಕ್ಕೆ ನಡೆದರೆ ಅವಳ 'ನಿ' ಬರುವುದು ಆರನೆಯ ಮನೆಗೆ. ಅಲ್ಲಿಂದ ನಿಪ್ಪಾಣಿಯನ್ನು ಕೆಳಕ್ಕೆ ಇಳಿಸಬಹುದು. ಆದರೆ ಆ ಮನೆಯ ನೆತ್ತಿಯ ಮೇಲೆ ಮೂರನೆಯ ಸಾಲಿನ ಚಿಕ್ಕೋಡಿಯ 'ಚಿ' ಕೂತಿದೆ. ಮೇಲಿನಿಂದ ಓದಿದರೆ 'ಚಿನಿಪ್ಪಾಣಿ'. ಪುಟ ಕಟ್ಟುವವರು ದಯವಿಟ್ಟು ಎರಡೂ ಚೌಕಗಳನ್ನು ಬೇರೆ ಬೇರೆಯಾಗಿಯೇ ಅಚ್ಚು ಹಾಕಬೇಕು.