ದ್ರಾಕ್ಷಾರಸಜ್ಞರು

ಊರು ಎಂದ ಮೇಲೆ ಒಬ್ಬ ಕವಿ, ಇಬ್ಬರು ಜ್ಯೋತಿಷಿಗಳು, ಚಹಾದಂಗಡಿ ತುಂಬ ರಾಜಕೀಯ ಪಂಡಿತರು ಇರಲೇಬೇಕು. ಈಚೆಗೆ ಈ ಸಾಲಿಗೆ ಇನ್ನೊಬ್ಬರು ಸೇರಿಕೊಂಡಿದ್ದಾರೆ. ಕೂಡ್ಲಿಗಿಗೊಬ್ಬರು, ಕೊಟ್ಟೂರಿಗೊಬ್ಬರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಗೂ ತಲಾ ಒಬ್ಬೊಬ್ಬರು. ವರ್ಷವೆಲ್ಲ ಬೆಂಗಳೂರಿನಲ್ಲಿದ್ದು, ಕೊಟ್ಟೂರೇಶ್ವರನ ತೇರಿಗೋ ಚಿಕ್ಕಪ್ಪನ ಮಗಳ ಮದುವೆಗೋ ಊರಿಗೆ ಬರುತ್ತಾರೆ. ಇವರನ್ನು ಕುಡುಕರೆಂದರೆ ಸಿಟ್ಟು ಬರುತ್ತದೆ. ಹಾಗಾದರೆ ಕುಡಿಯುವುದಿಲ್ಲವೇ ಎಂದರೆ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ. ಇವರು ಮಾಡುವುದು ಆಸ್ವಾದನೆ. ಇವರು ದ್ರಾಕ್ಷಾರಸಜ್ಞರು.

ಇವರನ್ನು ಗುರುತಿಸುವುದು ಸುಲಭ. ಮಜ್ಜಿಗೆ ಕೊಟ್ಟರೂ ಲೋಟವನ್ನು ಮೂರು ಸುತ್ತು ತಿರುಗಿಸದೆ ಬಾಯಿಗೆ ಇಡುವುದಿಲ್ಲ. ಚಹಾ ಬಂದರೆ ಮೊದಲು ಮೂಗು ಕುಡಿಯುತ್ತದೆ, ಆಮೇಲೆ ಬಾಯಿ. ಮದುವೆಯ ಪಂಕ್ತಿಯಲ್ಲಿ ಇವರು ಸಾರಿನ ಬಟ್ಟಲನ್ನು ಎತ್ತಿ ಕಣ್ಣು ಮುಚ್ಚಿ ಮೂಸುವುದನ್ನು ಕಂಡ ಬಡಿಸುವ ಹುಡುಗ ಗಾಬರಿಯಾಗಿ, "ಯಾಕಣ್ಣ, ಹಳಸೈತೇನು?" ಎಂದು ಕೇಳಿ, ಪಂಕ್ತಿಗೆ ಪಂಕ್ತಿಯೇ ಸಾರು ಬಿಟ್ಟು ಮಜ್ಜಿಗೆಗೆ ಇಳಿದ ಪ್ರಸಂಗವೂ ಉಂಟು.

ಹುಟ್ಟುವಾಗ ಇವರು ಹೀಗಿರಲಿಲ್ಲ. ಕೂಡ್ಲಿಗಿಯ ಮಾದರಿಯನ್ನೇ ತೆಗೆದುಕೊಳ್ಳಿ. ಅಪ್ಪನದು ಹುಣಸೆಹಣ್ಣಿನ ವ್ಯಾಪಾರ. ಮಗ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರಿಗೆ ಸೇರಿ, ಬಿಯರನ್ನು ಮಿತ್ರರ ಮುಲಾಜಿಗೂ ವಿಸ್ಕಿಯನ್ನು ಮ್ಯಾನೇಜರ ಮುಲಾಜಿಗೂ ಕುಡಿದುಕೊಂಡು ಸುಖವಾಗಿಯೇ ಇದ್ದರು. ಕಂಪನಿ ಇವರನ್ನು ಇಟಲಿಯ ಟ್ಯೂರಿನ್ನಿಗೆ ಕಳಿಸಿತು. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಲಾಂಗೆ ಗುಡ್ಡಗಳು. ಬರೋಲೊ ಎಂಬ ಹೆಸರಾಂತ ಕೆಂಪು ವೈನು ಹುಟ್ಟುವುದು ಅಲ್ಲಿನ ಹನ್ನೊಂದು ಊರುಗಳಲ್ಲಿ. ನೆಬ್ಬಿಯೋಲೊ ಎಂಬ ಒಂದೇ ಜಾತಿಯ ದ್ರಾಕ್ಷಿಯಿಂದ ಮಾಡಿ, ಕಡಿಮೆಯೆಂದರೂ 38 ತಿಂಗಳು ಮಾಗಿಸಿ, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲೇ ಇಟ್ಟು ಆಮೇಲೆ ಮಾರುವುದು ಕಾನೂನು. ಒಂದು ಭಾನುವಾರ ಸಹೋದ್ಯೋಗಿಗಳು ಇವರನ್ನು ಅಲ್ಲಿಗೆ ಕರೆದೊಯ್ದರು. ಹೋದವರು ಸಸ್ಯಾಹಾರಿ ಇಂಜಿನಿಯರು, ಬಂದವರು ದ್ರಾಕ್ಷಾರಸಜ್ಞರು.

ಊರಿಗೆ ಬರುವಾಗ ಎರಡು ಬಾಟಲಿ ತಂದರು. ಎರಡೇ ಯಾಕೆಂದರೆ, ಸುಂಕವಿಲ್ಲದೆ ತರಲು ಒಬ್ಬರಿಗೆ ಅನುಮತಿ ಇರುವುದು ಎರಡು ಲೀಟರಿಗೆ ಮಾತ್ರ. ಮುಕ್ಕಾಲು ಲೀಟರಿನ ಮೂರನೆಯ ಬಾಟಲಿ ಆ ಲೆಕ್ಕ ದಾಟುತ್ತದೆ. ಥರ್ಮಲ್ ಬನಿಯನ್ನಿನಲ್ಲಿ ಸುತ್ತಿ, ಕಾಲುಚೀಲ ತೊಡಿಸಿ, ಬಾಣಂತಿಯನ್ನು ತವರಿಂದ ಕರೆತಂದ ಹಾಗೆ ಕರೆತಂದರು.

ಆಸ್ವಾದನೆಗೆ ಜಾಗ ಸಿಗುವುದೇ ಮೊದಲ ಕಷ್ಟವಾಯಿತು. ಕೂಡ್ಲಿಗಿ ಗಾಂಧೀಜಿಯ ಚಿತಾಭಸ್ಮದ ಸ್ಮಾರಕವಿರುವ ಊರು. ಮನೆಯಲ್ಲಿ ಅಜ್ಜಿ ಇದ್ದಾಳೆ. "ಜಗಲಿ ಮ್ಯಾಲೆ ಲಿಂಗ ಇರೋ ಮನ್ಯಾಗ ಆ ಸೀಸೆ ತೆರೀಬ್ಯಾಡ" ಎಂದು ಆಕೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು. ಉಳಿದದ್ದು ಹಿತ್ತಲ ಹುಣಸೆ ಗೋದಾಮು. ವೈನು ಸವಿಯುವ ಜಾಗದಲ್ಲಿ ಬೇರೆ ಯಾವ ವಾಸನೆಯೂ ಇರಬಾರದೆಂಬುದು ಶಾಸ್ತ್ರ. ಗೋದಾಮಿನಲ್ಲಿ ಆ ಸುಗ್ಗಿಯ ಹಣ್ಣು ಗುಡ್ಡೆ ಬಿದ್ದಿತ್ತು. ಹೆಂಗಸರು ಸಾಲಾಗಿ ಕೂತು ಹುಣಸೆ ಕುಟ್ಟಿ ಬೀಜ ಬಿಡಿಸುತ್ತಿದ್ದರು.

ಎರಡನೆಯ ಕಷ್ಟ ಹವೆ. ಬರೋಲೊವನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎಂದು ಇವರೇ ಹೇಳಿದರು. ಆದರೆ ಆ ಕೋಣೆ ಲಾಂಗೆ ಗುಡ್ಡಗಳದು, 16ರಿಂದ 18 ಡಿಗ್ರಿಯದು. ಕೂಡ್ಲಿಗಿಯ ಕೋಣೆ ಶಿವರಾತ್ರಿ ಕಳೆಯುವ ಮೊದಲೇ ಅದರ ದುಪ್ಪಟ್ಟಾಗಿರುತ್ತದೆ. ಹಾಗಾಗಿ ಬಾಟಲಿ ಮುಂಜಾನೆಯಿಂದ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿಗೂ ಕೆಂಪು ಚಟ್ನಿಗೂ ನಡುವೆ ಮಲಗಿತ್ತು. ಮೂರನೆಯ ಕಷ್ಟ ಪಾತ್ರೆ. ಹೊಟ್ಟೆ ದೊಡ್ಡದಾದ, ಕಾಲು ಉದ್ದವಾದ ಗಾಜಿನ ಗ್ಲಾಸು ಬೇಕಂತೆ. ಮನೆಯಲ್ಲಿದ್ದದ್ದು ಸ್ಟೀಲು ಲೋಟ. ಸ್ಟೀಲಿನಲ್ಲಿ ಬಣ್ಣ ಕಾಣುವುದಿಲ್ಲ ಎಂದು ಹಟ ಹಿಡಿದು ಚಹಾದಂಗಡಿಯಿಂದ ಗಾಜಿನ ಗ್ಲಾಸು ತರಿಸಿದರು. ಬಣ್ಣ ನೋಡಲು ಬಿಳಿಯ ಹಿನ್ನೆಲೆ ಬೇಕೆಂದಾಗ ಎದುರಿಗೆ ಕಂಡದ್ದು ಸೋದರಮಾವನ ಪಂಚೆ. ಅದರ ಮುಂದೆ ಮಂಡಿಯೂರಿ, ಗ್ಲಾಸು ಓರೆ ಮಾಡಿ, ಒಂದು ಕಣ್ಣು ಮುಚ್ಚಿ ನೋಡತೊಡಗಿದರು. ಮಾವ ಎರಡು ಹೆಜ್ಜೆ ಹಿಂದೆ ಸರಿದು, "ಅಳಿಯಾ, ನಿನ್ನ ರೊಕ್ಕ ಹೋದ್ರ ಹೋಗ್ಲಿ, ನನ್ನ ಪಂಚಿ ಕೆಡಿಸಬ್ಯಾಡಪ್ಪಾ" ಎಂದ.

ಉಪನ್ಯಾಸ ಆಮೇಲೆ ಶುರುವಾಯಿತು. ಇದು ಸಾಮಾನ್ಯ ಬರೋಲೊ ಅಲ್ಲ, ಒಂದೇ ತೋಟದ್ದು. ಪಕ್ಕದ ತೋಟದ ಒಂದು ಕಾಳೂ ಇದರಲ್ಲಿ ಬೆರೆತಿಲ್ಲ. 1961ರಲ್ಲಿ ಕೆಲವರು ಬಾಟಲಿಯ ಮೇಲೆ ತೋಟದ ಹೆಸರು ಹಾಕಿ ಬೇರೆಯಾಗಿ ಮಾರತೊಡಗಿದರು. 2010ರಲ್ಲಿ ಬರೋಲೊ ಸೀಮೆಯ 181 ಹೆಸರುಗಳು ಅಧಿಕೃತವಾದವು, ಅದರಲ್ಲಿ 11 ಊರುಗಳವೇ. ಕನ್ನೂಬಿ, ಬ್ರುನಾತೆ, ಬುಸ್ಸಿಯಾ ಎಂದು ಇವರು ಒಂದೊಂದೇ ಹೆಸರನ್ನು ಶತನಾಮಾವಳಿಯ ಧಾಟಿಯಲ್ಲಿ ಉಚ್ಚರಿಸಿದರು. ಗುಡ್ಡದ ಈ ಮಗ್ಗುಲಿಗೂ ಆ ಮಗ್ಗುಲಿಗೂ ಮಣ್ಣು ಬೇರೆ, ಬಿಸಿಲು ಬೇರೆ. ಆದ್ದರಿಂದ ರುಚಿಯೂ ಬೇರೆ.

ಮಾವ ನಿವೃತ್ತ ಗ್ರಾಮ ಲೆಕ್ಕಿಗ. ಇಷ್ಟು ಹೊತ್ತು ಆಕಳಿಸುತ್ತಿದ್ದವನು ಈಗ ನೆಟ್ಟಗೆ ಕೂತ. "ಅಂದ್ರ ಪಹಣಿ ಬಾಟ್ಲಿ ಮ್ಯಾಲೆ ಅಂಟಿಸ್ಯಾರ ಅನ್ನು. ಅಣ್ತಮ್ಮಂದಿರ ಹಿಸ್ಸೆ ಆಗೈತಾ, ಇನ್ನೂ ಜಂಟಿ ಖಾತೇನಾ?" ಎಂದು ಕೇಳಿದ. ದ್ರಾಕ್ಷಾರಸಜ್ಞರು ಕನಿಕರದಿಂದ ನಕ್ಕರು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಕನ್ನೂಬಿ ಗುಡ್ಡದ ಒಡೆತನ ಹತ್ತಾರು ಮನೆತನಗಳಲ್ಲಿ ಹಂಚಿಹೋಗಿದೆ. ಆ ಹೆಸರು ಎಲ್ಲಿಯವರೆಗೆ ಸಲ್ಲುತ್ತದೆ ಎಂಬ ವ್ಯಾಜ್ಯ ಇಟಲಿಯ ನ್ಯಾಯಾಲಯಗಳ ಮೆಟ್ಟಿಲನ್ನೂ ಹತ್ತಿತ್ತು.

ಮುಂದಿನದು ಮೂಗಿನ ಕೆಲಸ. ಗ್ಲಾಸಿನೊಳಗೆ ಮೂಗು ಇಳಿಸಿ, ಬಹಳ ಹೊತ್ತು ಅಲ್ಲೇ ಇದ್ದು, ಮೇಲೆದ್ದು ಘೋಷಿಸಿದರು: "ಡಾಂಬರು ಮತ್ತು ಗುಲಾಬಿ. ವಯೊಲೆಟ್ ಹೂವು. ಟ್ರಫಲ್ ಅಣಬೆ." ಬರೋಲೊ ಬಗ್ಗೆ ಬರೆದ ಪುಸ್ತಕಗಳಲ್ಲೆಲ್ಲ ಡಾಂಬರು, ಗುಲಾಬಿ ಇದ್ದೇ ಇರುತ್ತವೆ. ಮಾವನಿಗೆ ಗುಲಾಬಿ ಕೇಳಿಸಲಿಲ್ಲ. "ಡಾಂಬರಿನ ವಾಸನಿಗೆ ಇಷ್ಟು ರೊಕ್ಕ ಕೊಟ್ಟಿಯೇನೋ? ನಮ್ಮೂರ ಮುಂದ ಹೈವೇ ನಾಕು ಲೈನು ಮಾಡೋ ಮುಂದ ವರ್ಷಗಟ್ಟಲೆ ಪುಕ್ಕಟೆ ಕುಡಿಸ್ಯಾರ" ಎಂದ. ಇವರು ವಯೊಲೆಟ್ ಹೂವನ್ನು ಎಂದಾದರೂ ಮೂಸಿದ್ದರೇ? ಇಲ್ಲ. ಹಡಗಲಿ ಮಲ್ಲಿಗೆಯ ನಾಡಿನಲ್ಲಿ ಹುಟ್ಟಿದ ಮೂಗು, ಕಾಣದ ಹೂವಿನ ವಾಸನೆಗೆ ಸಾಕ್ಷಿ ಹೇಳುತ್ತಿತ್ತು. ದ್ರಾಕ್ಷಾರಸಜ್ಞರ ಮುಖ್ಯ ಲಕ್ಷಣವೇ ಇದು. ನಾಲಿಗೆ ಸ್ವಂತದ್ದು, ಅಭಿಪ್ರಾಯ ಪುಸ್ತಕದ್ದು.

ಆಮೇಲೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ತುಟಿ ಚೂಪು ಮಾಡಿ, ಸುರ್ ಎಂದು ಗಾಳಿ ಎಳೆದು, ಗಲ್ಲದಿಂದ ಗಲ್ಲಕ್ಕೆ ಆಡಿಸಿ, ಡಬರಿಗೆ ಉಗುಳಿದರು. ಕುಟ್ಟುತ್ತಿದ್ದ ಹೆಂಗಸರ ಕೈ ನಿಂತಿತು. ಉಗುಳುವುದು ಅವರಿಗೆ ಹೊಸದಲ್ಲ. ಎಲೆ ಅಡಿಕೆ ಹಾಕಿದ ಬಾಯಿಂದ ಕೂತಲ್ಲಿಂದಲೇ ಹೊಸ್ತಿಲ ಆಚೆಗೆ ಗುರಿ ತಪ್ಪದೆ ಉಗುಳುವವರು ಅವರು. ಸಾವಿರಾರು ರೂಪಾಯಿಯ ಮಾಲನ್ನು ಉಗುಳಿದ್ದು ಮಾತ್ರ ಹೊಸದು. "ಸೇರಲಿಲ್ಲೇನೋ ಪಾಪ" ಎಂದು ಒಬ್ಬಾಕೆ ಮರುಗಿದಳು. ವೃತ್ತಿಪರ ರುಚಿಗಾರರು ಅಮಲೇರಿ ತೀರ್ಪು ಕೆಡದಿರಲಿ ಎಂದೇ ಉಗುಳುತ್ತಾರೆ, ನಿಜ. ಆದರೆ ಇರುವ ಎರಡೇ ಬಾಟಲಿಯಲ್ಲಿ ಕಾಲು ಭಾಗವನ್ನು ಡಬರಿಗೆ ನೈವೇದ್ಯ ಮಾಡುವ ತ್ಯಾಗ ದ್ರಾಕ್ಷಾರಸಜ್ಞರಿಗೇ ಸಾಧ್ಯ.

ಜೊತೆಗೆ ತಿನ್ನಲು ಏನು? ಅಲ್ಲಿ ಹಳೆಯ ಚೀಸು, ನಿಧಾನವಾಗಿ ಬೇಯಿಸಿದ ಮಾಂಸ. ಇಲ್ಲಿ ಇವರ ತಮ್ಮ ಕೊಟ್ಟೂರಿನಿಂದ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದ. ಒಗರೂ ಮದ್ಯಸಾರವೂ ಹೆಚ್ಚಿರುವ ವೈನು ಖಾರದ ಉರಿಯನ್ನು ಇಮ್ಮಡಿ ಮಾಡುತ್ತದೆ. ಬರೋಲೊದಲ್ಲಿ ಎರಡೂ ಧಾರಾಳ, ಮದ್ಯಸಾರ ಶೇ. 13ಕ್ಕೆ ಕಡಿಮೆಯಿದ್ದರೆ ಅದು ಬರೋಲೊ ಅಲ್ಲವೇ ಅಲ್ಲ. ಇದು ಇವರ ಪುಸ್ತಕದಲ್ಲೇ ಇತ್ತು, ಆದರೆ ಮಿರ್ಚಿಯ ಅಧ್ಯಾಯ ಅದರಲ್ಲಿರಲಿಲ್ಲ. ಒಂದು ಕಡಿತ, ಒಂದು ಗುಟುಕು. ಮುಖ ವೈನಿನ ಬಣ್ಣಕ್ಕೆ ತಿರುಗಿತು, ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ನುಂಗಿದ ಮೇಲೂ ಉಳಿಯುವ ರುಚಿಗೆ ಇವರ ಭಾಷೆಯಲ್ಲಿ ಫಿನಿಶ್ ಎಂದು ಹೆಸರು. ಬಿಕ್ಕಳಿಕೆಯ ನಡುವೆಯೇ "ಫಿನಿಶ್... ಬಹಳ... ಉದ್ದ" ಎಂದರು. ಮಾವ ನೀರಿನ ತಂಬಿಗೆ ಹಿಡಿದು ಓಡಿದ.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಇತಿಹಾಸ. ಇಟಲಿಗೂ ನಮಗೂ ಸಂಬಂಧ ಇಂದಿನದಲ್ಲ, ವೆನಿಸ್ಸಿನ ನಿಕೊಲೊ ಕೊಂಟಿ 1420ರ ಸುಮಾರಿಗೇ ವಿಜಯನಗರಕ್ಕೆ ಬಂದಿದ್ದ ಎಂದರು. "ಅವಾ ಬರೋ ಮುಂದ ಎಷ್ಟು ಬಾಟ್ಲಿ ತಂದಿದ್ದ?" ಎಂಬುದಕ್ಕೆ ಉತ್ತರ ಬರಲಿಲ್ಲ. ಮಾವನೂ ತನಗೆ ಗೊತ್ತಿದ್ದ ಇತಿಹಾಸ ತೆಗೆದ. "2007ರಾಗ ಸರ್ಕಾರ ಸಾರಾಯಿ ಪಾಕೀಟು ಬಂದ್ ಮಾಡ್ತು. ಅದೇ ವರ್ಷ ವೈನಿಗೆ ಒಂದು ನೀತಿ ಮಾಡ್ತು. ಬಡವನ ಬಾಯಿಗೆ ಬೀಗ, ಸಾಹುಕಾರನ ಬಾಯಿಗೆ ಪಾಲಿಸಿ." ಸರ್ಕಾರಿ ನೌಕರಿಯಿಂದ ನಿವೃತ್ತರಾದವರಿಗೆ ಮಾತ್ರ ಇಷ್ಟು ನಿಖರವಾಗಿ ಮಾತಾಡಲು ಬರುತ್ತದೆ.

ತಮ್ಮನಿಗೆ ಇನ್ನೊಂದು ಸುದ್ದಿ ಗೊತ್ತಿತ್ತು. "ಅಣ್ಣಾ, ಕೊಪ್ಪಳ ಜಿಲ್ಲೆಯಾಗೇ ಇಟಲಿ ದ್ರಾಕ್ಷಿ ಬೆಳೀತಾರಂತಲ್ಲ?" ಇದೂ ನಿಜ. ಕೃಷ್ಮಾ ಎಂಬ ತೋಟದವರು ಹಂಪಿಯ ಬೆಟ್ಟಗಳ ಹೆಸರಿನಲ್ಲೇ ಸಾಂಜೊವೇಸೆ ವೈನು ಮಾಡುತ್ತಾರೆ. ಅದು ಟಸ್ಕನಿಯ ಕಿಯಾಂತಿ, ಬ್ರುನೆಲ್ಲೊಗಳ ದ್ರಾಕ್ಷಿ. ಅದೂ ತಮ್ಮದೇ ತೋಟದ ಹಣ್ಣು. ಒಂದೇ ತೋಟದ ಮಹಿಮೆಯನ್ನು ಗಂಟೆಗಟ್ಟಲೆ ಹಾಡಿದವರು ಇದನ್ನು ಕೇಳಿ ಕುಣಿಯಬೇಕಿತ್ತು. ಮುಖ ಸಣ್ಣಗಾಯಿತು. ಆ ವೈನಿನಲ್ಲಿ ಒಂದೇ ದೋಷವಿತ್ತು, ಕೂಡ್ಲಿಗಿಯಿಂದ ಕೊಪ್ಪಳಕ್ಕೆ ಬಸ್ಸಿನಲ್ಲಿ ಹೋಗಬಹುದು. ವಿಮಾನ ಹತ್ತದೆ ಸಿಗುವ ರುಚಿಯನ್ನು ದ್ರಾಕ್ಷಾರಸಜ್ಞರು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಇಷ್ಟು ಹೊತ್ತೂ ಅಜ್ಜಿ ಮೂಲೆಯಲ್ಲಿ ಹುಣಸೆಯ ಗುಡ್ಡೆ ಬೇರೆ ಮಾಡುತ್ತಿದ್ದಳು. ಒಂದೊಂದು ಚೀಲದಿಂದ ಒಂದೊಂದು ಚೂರು ಬಾಯಿಗೆ ಹಾಕಿಕೊಂಡು, "ಇದು ಕೆರೆ ಏರಿ ಮರದ್ದು, ನೀರು ಕುಡಿದೈತೆ. ಇದು ಗುಡ್ಡದ ಬುಡದ್ದು, ಹುಳಿ ಗಟ್ಟಿ. ಇದು ಹ್ವಾದ ವರ್ಷದ್ದು, ಹೊಸದರಾಗ ಬೆರೆಸಿ ಮಾರ್ಯಾನ ಕಳ್ಳ" ಎನ್ನುತ್ತಿದ್ದಳು. ಮೊಮ್ಮಗ ತಿರುಗಿ ನೋಡಿದರು. ಒಂದೇ ಮರದ ಹಣ್ಣು, ಮಣ್ಣಿನ ಗುಣ, ವರ್ಷದ ಅಂದಾಜು, ಕಲಬೆರಕೆಯ ಪತ್ತೆ. ಇವರು ಇಟಲಿಗೆ ಹೋಗಿ ಕಲಿತದ್ದೆಲ್ಲ ಇಲ್ಲಿ ಗ್ಲಾಸಿಲ್ಲದೆ, ಪಂಚೆಯಿಲ್ಲದೆ ನಡೆಯುತ್ತಿತ್ತು. ಹೇಗೆ ಗೊತ್ತಾಗುತ್ತದಜ್ಜಿ ಎಂದು ಕೇಳಿದರು. ಪ್ರಶ್ನೆಯೇ ವಿಚಿತ್ರವೆಂಬಂತೆ ಅಜ್ಜಿ, "ತಿಂದೀನಲ್ಲೋ" ಎಂದಳು.

ದ್ರಾಕ್ಷಾರಸಜ್ಞರು ಗ್ಲಾಸನ್ನು ಇನ್ನೊಮ್ಮೆ ಎತ್ತಿಕೊಂಡರು. ಈ ಸಲ ತಿರುಗಿಸಲಿಲ್ಲ. ಬರೋಲೊ ವಯಸ್ಸಾದಂತೆ ಬಣ್ಣ ಕಳೆದುಕೊಂಡು ಇಟ್ಟಿಗೆಯ ಕಡೆಗೆ ತಿರುಗುತ್ತದೆ. ನಮ್ಮ ಹುಣಸೆ ವಯಸ್ಸಾದಷ್ಟೂ ಕಪ್ಪಾಗುತ್ತದೆ. ಮೂಸಿ, ಕುಡಿದು, ನುಂಗಿ, ಸಂಕೋಚದಿಂದ ಹೇಳಿದರು: "ಹುಳಿ ಐತೆ. ಹಸಿ ಅಡಿಕಿ ಹಂಗ ಒಗರು. ಮತ್ತ... ತೇರಿನ ಮರುದಿನ ಬಾಡಿದ ಹೂವಿನ ಹಾರ ಇರ್ತಾವಲ್ಲ, ಆ ವಾಸನಿ." ಮಾವ ಗ್ಲಾಸು ಇಸಕೊಂಡು ಮೂಸಿ, ಮೊದಲ ಸಲ ತಲೆಯಾಡಿಸಿದ: "ಹೂಂ, ಇದು ಖರೇ. ಬಾಡಿದ ಹೂವು ಐತೆ ನೋಡು." ಡಾಂಬರು ಹೇಳಿದಾಗ ಒಬ್ಬರೂ ನಂಬಿರಲಿಲ್ಲ. ಬಾಡಿದ ಹಾರಕ್ಕೆ ಇಡೀ ಗೋದಾಮು ಒಪ್ಪಿತು.

ಆದ್ದರಿಂದ ದ್ರಾಕ್ಷಾರಸಜ್ಞರ ಮೇಲೆ ನನಗೆ ದ್ವೇಷವಿಲ್ಲ. ವೈನಿನ ಮೇಲಂತೂ ಇಲ್ಲವೇ ಇಲ್ಲ. ಒಂದು ಗುಡ್ಡದ ಒಂದು ಮಗ್ಗುಲಿನ ರುಚಿಯನ್ನು ಬೇರೆಯಾಗಿ ಕಾಪಾಡಿಕೊಂಡು ಬಂದ ಇಟಲಿಯ ರೈತರು ಬುದ್ಧಿವಂತರು. ನಮ್ಮಲ್ಲಿ ಏರಿಯ ಹುಣಸೆಯೂ ಗುಡ್ಡದ ಹುಣಸೆಯೂ ಒಂದೇ ಲಾರಿಯಲ್ಲಿ ಒಂದೇ ದರಕ್ಕೆ ಹೋಗುತ್ತವೆ, ಆ ವ್ಯತ್ಯಾಸ ಬಲ್ಲ ಅಜ್ಜಿಗೆ ಯಾರೂ ರಸಜ್ಞೆಯ ಪಟ್ಟ ಕಟ್ಟುವುದಿಲ್ಲ. ದ್ರಾಕ್ಷಾರಸಜ್ಞರ ತಪ್ಪು ಒಂದೇ, ಬೇರೆಯವರ ಮೂಗನ್ನು ಬಾಡಿಗೆಗೆ ತಂದು ತಮ್ಮ ಮುಖಕ್ಕೆ ಹಾಕಿಕೊಳ್ಳುತ್ತಾರೆ.

ಈ ತೇರಿಗೆ ನಿಮ್ಮೂರಿನ ದ್ರಾಕ್ಷಾರಸಜ್ಞರು ಬಂದು ಕರೆದರೆ ಹೋಗಿ ಬನ್ನಿ. ಬಿಳಿ ಪಂಚೆ ಉಡಬೇಡಿ. ಕುಡಿಯುವ ಅಭ್ಯಾಸವಿಲ್ಲದವರು ಮೂಸಿದರೆ ಸಾಕು, ಅದಕ್ಕೂ ಮರ್ಯಾದೆ ಇದೆ. ಏನು ವಾಸನೆ ಬಂತು ಎಂದು ಕೇಳಿದಾಗ ನಿಮಗೆ ಬಂದದ್ದನ್ನೇ ಹೇಳಿ, ಅದು ಸೀಮೆ ಎಣ್ಣೆಯಾದರೂ ಸರಿ. ಮಿರ್ಚಿಯನ್ನು ಮಾತ್ರ ಎಲ್ಲ ಮುಗಿದ ಮೇಲೆ ತಿನ್ನಿ.