ಜಾಸ್ತಿ ಹೋದ ಸಂಬಳ

ಉಪನ್ಯಾಸಕರ ವೇತನ ಶ್ರೇಣಿ ನಿಗದಿ ಮಾಡುವುದು ಕಚೇರಿ. ಲೆಕ್ಕ ತಪ್ಪಿದರೆ ಕಟ್ಟಬೇಕಾದವರು ಉಪನ್ಯಾಸಕರು. ಚಿಂತಾಮಣಿಯಾಗಲಿ, ಗೌರಿಬಿದನೂರಾಗಲಿ, ಶಿಡ್ಲಘಟ್ಟವಾಗಲಿ, ಮಾತುಕತೆ ಹೆಚ್ಚುಕಡಿಮೆ ಒಂದೇ.

“ಸಾರ್, ಆಡಿಟ್ ಆಕ್ಷೇಪಣೆ ಬಂದಿದೆ. ಎಂಟು ವರ್ಷದಿಂದ ನಿಮಗೆ ಒಂದು ಇನ್‌ಕ್ರಿಮೆಂಟ್ ಜಾಸ್ತಿ ಹೋಗಿದೆ.”

“ಕೊಟ್ಟೋರು ಯಾರಪ್ಪಾ?”

“ನಾವೇ. ತಗೊಂಡೋರು ನೀವಲ್ವಾ?”

“2014ರ ರಫೀಕ್ ಮಸೀಹ್ ತೀರ್ಪು ಓದಿದ್ದೀಯಾ? ಐದು ವರ್ಷ ಮೀರಿ ಕೊಟ್ಟಿದ್ದನ್ನ ವಸೂಲಿ ಮಾಡೋ ಹಾಗಿಲ್ಲ. ನಿವೃತ್ತರ ಹತ್ತಿರವಂತೂ ಕೇಳಲೇಬಾರದು.”

“2016ರ ಜಗದೇವ್ ಸಿಂಗ್ ತೀರ್ಪು ನೀವು ಓದಿದ್ದೀರಾ? ಮುಚ್ಚಳಿಕೆ ಬರೆದುಕೊಟ್ಟೋರು ವಾಪಸ್ ಕಟ್ಟಬೇಕು.”

“ನಾನೆಲ್ಲಿ ಬರೆದುಕೊಟ್ಟೆ?”

“ಅರಿಯರ್ಸ್ ತಗೊಳ್ಳುವಾಗ ಓದದೆ ಸಹಿ ಹಾಕಿದ್ರಲ್ಲ ಸಾರ್, ಅದೇ!”

ಎರಡೂ ಸುಪ್ರೀಂ ಕೋರ್ಟಿನ ತೀರ್ಪುಗಳೇ. ಯಾವುದು ಯಾರಿಗೆ ಅನ್ವಯವೆಂಬುದನ್ನು ತಿಳಿಯಲು ಸರ್ಕಾರಿ ಉಪನ್ಯಾಸಕರು ಮೊದಲು ಬೆಂಗಳೂರಿನ ಆಡಳಿತ ನ್ಯಾಯಮಂಡಳಿಗೆ, ಆಮೇಲೆ ಹೈಕೋರ್ಟಿಗೆ ಅಲೆಯುತ್ತಾರೆ. ಲೆಕ್ಕ ತಪ್ಪಿಸಿದ ಗುಮಾಸ್ತರು ಅಷ್ಟರಲ್ಲಿ ಬಡ್ತಿ ಪಡೆದು ಚಿಕ್ಕಬಳ್ಳಾಪುರ ಸೇರಿರುತ್ತಾರೆ.