ಹಳೆಯ ಹಾಟ್ ಹ್ಯಾಚಿನ ಬ್ರೇಕು: ಬೆಜವಾಡ ಮತ್ತು ವಿಶಾಖಾ ಪಂಥಗಳ ತೌಲನಿಕ ಮೀಮಾಂಸೆ

ಓಡುವ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ವಾಙ್ಮಯವಿದೆ, ನಿಲ್ಲುವ ಬಗ್ಗೆ ಇಲ್ಲ. ಹಾಟ್ ಹ್ಯಾಚ್ ಎಂಬ ಪ್ರಭೇದದ ಕಾರು ಇಟ್ಟುಕೊಂಡವರನ್ನು ಯಾರನ್ನೇ ಕೇಳಿ, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಎಂಬುದನ್ನು ದಶಮಾಂಶ ಸಮೇತ ಒಪ್ಪಿಸುತ್ತಾರೆ. ನೂರರಿಂದ ಸೊನ್ನೆಗೆ ಎಷ್ಟು ಮೀಟರು ಎಂದರೆ ಯಾವುದೋ ಫೋನು ಬಂತೆಂದು ಎದ್ದುಹೋಗುತ್ತಾರೆ. ವಿದ್ವತ್ ಲೋಕದ ಈ ಅಕ್ಷಮ್ಯ ಕೊರತೆಯನ್ನು ತುಂಬಿಕೊಡುವುದೇ ಪ್ರಸ್ತುತ ಸಂಪ್ರಬಂಧದ ಘನ ಉದ್ದೇಶ. ಅಧ್ಯಯನದ ವ್ಯಾಪ್ತಿ: ವಿಜಯವಾಡ ಅಲಿಯಾಸ್ ಬೆಜವಾಡ, ವಿಶಾಖಪಟ್ಟಣ, ಅವೆರಡರ ನಡುವೆ ಸುಮಾರು 350 ಕಿಲೋಮೀಟರು ಉದ್ದದ ರಾಷ್ಟ್ರೀಯ ಹೆದ್ದಾರಿ 16. ಅಧ್ಯಯನದ ಮಿತಿ: ಲೇಖಕನ ಬ್ಯಾಂಕ್ ಖಾತೆ.

ಮೊದಲು ವಸ್ತುನಿರ್ದೇಶ. ಹಾಟ್ ಹ್ಯಾಚ್ ಎಂದರೆ ತರಕಾರಿ ತರಲು ಮಾಡಿದ ಕಾರಿಗೆ ಜಗಳಕ್ಕೆ ಹೋಗುವಂಥ ಎಂಜಿನ್ ಕೂರಿಸಿದ್ದು. ಈ ಪರಂಪರೆಯ ಆದಿಗ್ರಂಥ 1976ರಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, 110 ಅಶ್ವಶಕ್ತಿಯದು. ಅದನ್ನು ಬಲಬದಿ ಸ್ಟೀರಿಂಗಿನ ಇಂಗ್ಲೆಂಡಿಗೆ ಕಳಿಸುವಾಗ ಜರ್ಮನರು ಪೆಡಲನ್ನು ಬಲಕ್ಕೆ ತಂದರು, ಮಾಸ್ಟರ್ ಸಿಲಿಂಡರನ್ನು ಎಡಕ್ಕೇ ಬಿಟ್ಟರು, ನಡುವೆ ಅಡ್ಡಲಾಗಿ ಒಂದು ಸರಳು ಹಾಕಿ ಕೈತೊಳೆದುಕೊಂಡರು. ಇಂಗ್ಲಿಷರು ಒತ್ತಿದ್ದರಲ್ಲಿ ಒಂದಿಷ್ಟು ಆ ಸರಳಿನಲ್ಲೇ ಕರಗಿಹೋಗುತ್ತಿತ್ತು. ಅಂದರೆ ಬಲಬದಿ ಸ್ಟೀರಿಂಗಿನ ಲೋಕದಲ್ಲಿ ಹಾಟ್ ಹ್ಯಾಚ್ ಕಣ್ಣುಬಿಟ್ಟದ್ದೇ ಬ್ರೇಕಿನ ದೂರಿನೊಂದಿಗೆ.

ನಮ್ಮ ದೇಶದಲ್ಲಿ ಈ ಸಾಹಿತ್ಯಕ್ಕೆ ರತ್ನತ್ರಯವೆಂದು ಮೂರನ್ನು ಹೆಸರಿಸಬಹುದು. 2001ರ ಫಿಯೆಟ್ ಪಾಲಿಯೋ 1.6, ನೂರು ಅಶ್ವಶಕ್ತಿ, ರಾಯಭಾರಿ ಸಚಿನ್ ತೆಂಡೂಲ್ಕರ್. 2013ರ ಪೋಲೋ ಜಿಟಿ ಟಿಎಸ್ಐ, 105 ಅಶ್ವಶಕ್ತಿ, ಹಿಂದೆ ಡ್ರಮ್ ಬ್ರೇಕು. 2015ರ ಅಬಾರ್ಥ್ ಪುಂಟೋ, 145 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಡಿಸ್ಕು. ಮೊದಲನೆಯದರ ಪ್ರತಿಗಳು ಈಗ ವಿರಳ, ಬಿಡಿಭಾಗಗಳು ಇನ್ನೂ ವಿರಳ. ಅದರ ಮಾಲೀಕರಿಗೆ ಹಸ್ತಪ್ರತಿ ಸಂಶೋಧಕರ ತಾಳ್ಮೆ ತಾನಾಗಿಯೇ ಬಂದುಬಿಟ್ಟಿರುತ್ತದೆ.

ಆಂಧ್ರದ ಬ್ರೇಕು ಕನ್ನಡಿಗನಿಗೇಕೆ ಎಂದು ಪರೀಕ್ಷಕರು ಕೇಳಬಹುದು. ಉತ್ತರ ಹೆದ್ದಾರಿಯ ಬದಿಯಲ್ಲೇ ಇದೆ. ಪಂಪನ ಪೂರ್ವಿಕರು ವೆಂಗಿಮಂಡಲದವರು, ಹಳೆಯ ವೆಂಗಿಯೆಂದರೆ ಏಲೂರಿನ ಬಳಿಯ ಇಂದಿನ ಪೆದವೇಗಿ. ಆದಿಕವಿಯ ಮನೆತನ ಅಲ್ಲಿಂದ ಪಶ್ಚಿಮಕ್ಕೆ ಹೊರಟಿತು, ಕನ್ನಡನಾಡು ಬರುವವರೆಗೆ ನಿಲ್ಲಲಿಲ್ಲ. ಬ್ರೇಕು ಚೆನ್ನಾಗಿದ್ದಿದ್ದರೆ ನಮ್ಮ ಸಾಹಿತ್ಯ ಚರಿತ್ರೆ ಏನಾಗುತ್ತಿತ್ತೆಂದು ಯೋಚಿಸಿದರೇ ಮೈ ನಡುಗುತ್ತದೆ. ಇನ್ನು ಕೃಷ್ಣದೇವರಾಯ. 1515ರಲ್ಲಿ ಕೊಂಡವೀಡು ಗೆದ್ದು, ವಿಜಯವಾಡದ ಮಗ್ಗುಲಿನ ಕೊಂಡಪಲ್ಲಿಯನ್ನು ಹಿಡಿದು, 1516ರಲ್ಲಿ ವಿಶಾಖಪಟ್ಟಣದ ಸಿಂಹಾಚಲದ ನರಸಿಂಹನಿಗೆ ಕಾಣಿಕೆ ಒಪ್ಪಿಸಿ ಶಾಸನ ಹಾಕಿಸಿ, ಅದೇ ಸೀಮೆಯ ಪೊಟ್ನೂರಿನಲ್ಲಿ ಕಂಬ ನೆಟ್ಟ. ಇತಿಹಾಸಕಾರರು ಅದನ್ನು ಜಯಸ್ತಂಭವೆನ್ನುತ್ತಾರೆ. ತಾಂತ್ರಿಕವಾಗಿ ನೋಡಿದರೆ ಅದು ವಾಹನ ನಿಂತ ಜಾಗದ ಗುರುತು: ಕೊಂಡಪಲ್ಲಿಯಲ್ಲಿ ಒತ್ತಿದ ಬ್ರೇಕು ಪೊಟ್ನೂರಿನಲ್ಲಿ ಹಿಡಿಯಿತು. ಆ ರಸ್ತೆಯಲ್ಲಿ ಇದಕ್ಕಿಂತ ಉದ್ದದ ನಿಲುಗಡೆ ಇಂದಿಗೂ ದಾಖಲಾಗಿಲ್ಲ. ಎದುರಾಳಿ, ಒಡಿಶಾದ ಅರಸ ಗಜಪತಿಯ ಬಳಿ ರಿವರ್ಸ್ ಗೇರು ಒಳ್ಳೆಯ ಸ್ಥಿತಿಯಲ್ಲಿತ್ತು ಎಂಬುದಕ್ಕೂ ಇದೇ ದಂಡಯಾತ್ರೆ ಸಾಕ್ಷಿ.

ಈಗ ಪೂರ್ವಪಕ್ಷ. ಎರಡೂ ನಗರಗಳಲ್ಲಿ ಪ್ರಬಲವಾಗಿರುವ ಮತವನ್ನು ರಕ್ತವರ್ಣವಾದ ಎನ್ನಬಹುದು. ಡಿಸ್ಕು ದೊಡ್ಡದಿರಬೇಕು, ಅದನ್ನು ಅಮುಕಿ ಹಿಡಿಯುವ ಕ್ಯಾಲಿಪರು ಕೆಂಪಗಿರಬೇಕು, ಅದು ಅಲಾಯ್ ಚಕ್ರದ ಸಂದಿಯಿಂದ ಪಕ್ಕದ ಕಾರಿನವರಿಗೆ ಕಾಣಬೇಕು. ಇಷ್ಟಾದರೆ ಗಾಡಿ ನಿಲ್ಲುತ್ತದೆ. ದುಡ್ಡು ಸಾಲದವರು ಕೆಂಪು ಪ್ಲಾಸ್ಟಿಕ್ಕಿನ ಕವರು ತಂದು ಕ್ಯಾಲಿಪರಿನ ಮೇಲೆ ಅಂಟಿಸುತ್ತಾರೆ. ಈ ಪಂಥದ ಪರಮಭಕ್ತರು ಹಿಂದಿನ ಡ್ರಮ್ಮಿಗೂ ಒಂದು ಕವರು ಅಂಟಿಸಿರುವುದು ಕ್ಷೇತ್ರಕಾರ್ಯದಲ್ಲಿ ಕಂಡುಬಂದಿದೆ. ಅಲ್ಲಿ ಕ್ಯಾಲಿಪರೇ ಇಲ್ಲ. ನಿರ್ಗುಣ ಉಪಾಸನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದರ್ಶನಶಾಸ್ತ್ರದಲ್ಲಿ ಸಿಕ್ಕುವುದು ಕಷ್ಟ.

ರಕ್ತವರ್ಣವಾದಿಗಳು ಮುಂದಿಡುವ ಪ್ರಮಾಣ 1953ರದು. ಆ ವರ್ಷ ಲೆ ಮಾನ್‌ನ 24 ಗಂಟೆಗಳ ರೇಸನ್ನು ಜಾಗ್ವಾರ್ ಸಿ-ಟೈಪ್ ಗೆದ್ದಿತು, ಅದರ ಡಿಸ್ಕ್ ಬ್ರೇಕುಗಳಿಗೆ ಗೆಲುವಿನಲ್ಲಿ ದೊಡ್ಡ ಪಾಲಿತ್ತು. ನಿಜ. ಆದರೆ ಅಲ್ಲಿ ಹಗಲು ರಾತ್ರಿ, ಸುತ್ತು ಸುತ್ತಿಗೂ, ಇನ್ನೂರು ಕಿಲೋಮೀಟರಿನಾಚೆಯ ವೇಗದಿಂದ ಬ್ರೇಕು ಹಿಡಿಯಬೇಕಿತ್ತು. ಡ್ರಮ್ಮಿನವರು ಕಾದು ಸೋತರು. ವಿಶಾಖಪಟ್ಟಣದ ಬೀಚ್ ರೋಡಿನಲ್ಲಿ ಭಾನುವಾರ ಸಂಜೆ ಆ ವೇಗ ಮುಟ್ಟಲು ಮುಂದಿನ ಮುಂತ ಮಸಾಲಾ ಎಂಬ ಚುರುಮುರಿಯ ಗಾಡಿಯವರು ಬಿಡುವುದಿಲ್ಲ.

ಭೌತಶಾಸ್ತ್ರದ ಸೂತ್ರ ಏನು ಹೇಳುತ್ತದೆ? ಚಕ್ರವನ್ನು ಲಾಕ್ ಮಾಡುವಷ್ಟು, ಅಥವಾ ಎಬಿಎಸ್ಸನ್ನು ಎಬ್ಬಿಸುವಷ್ಟು ಬಲ ಈಗಿನ ಬ್ರೇಕಿಗೆ ಇದೆ ಎಂದಿಟ್ಟುಕೊಳ್ಳಿ. ಸ್ಥಿತಿ ಚೆನ್ನಾಗಿರುವ ಯಾವ ಬ್ರೇಕಿಗೂ ಅದು ಇರುತ್ತದೆ. ಗಂಟೆಗೆ 80 ಕಿಲೋಮೀಟರಿನಲ್ಲಿ ಹೋಗುವ ಕಾರು ಒಣ ಡಾಂಬರಿನ ಮೇಲೆ ಸುಮಾರು 32 ಮೀಟರಿನಲ್ಲಿ ನಿಲ್ಲುತ್ತದೆ. ಮಳೆಗೆ ಹಿಡಿತ ಅರ್ಧವಾದರೆ 63 ಮೀಟರು. ಇದಕ್ಕೆ ಮುಂಚೆ ಚಾಲಕನಿಗೆ ಜ್ಞಾನೋದಯವಾಗಲು ಒಂದು ಸೆಕೆಂಡು ಹಿಡಿದರೆ ಇನ್ನೊಂದು 22 ಮೀಟರು. ಲೆಕ್ಕದಲ್ಲಿ ವೇಗವಿದೆ, ಗುರುತ್ವವಿದೆ, ಟೈರಿಗೂ ರಸ್ತೆಗೂ ನಡುವಿನ ಘರ್ಷಣೆಯಿದೆ. ಡಿಸ್ಕಿನ ವ್ಯಾಸ ಇಲ್ಲ. ಕ್ಯಾಲಿಪರಿನ ಬಣ್ಣವಂತೂ ಇಲ್ಲವೇ ಇಲ್ಲ.

ದೊಡ್ಡ ಡಿಸ್ಕಿನ ಪುರುಷಾರ್ಥ ಬೇರೆ: ಶಾಖ ನುಂಗುವುದು. ಒಂದು ಟನ್ನಿನ ಕಾರು ನೂರರ ವೇಗದಿಂದ ನಿಂತಾಗ 386 ಕಿಲೋಜೂಲಿನಷ್ಟು ಚಲನಶಕ್ತಿ ಶಾಖವಾಗುತ್ತದೆ. ಒಂದು ಸಲವಾದರೆ ಕಂಪನಿಯ ಡಿಸ್ಕು ಸುಮ್ಮನೆ ನುಂಗಿಕೊಳ್ಳುತ್ತದೆ; ಮೇಲಿಂದ ಮೇಲೆ ಆದರೆ ಮಾತ್ರ ದೊಡ್ಡದು ಬೇಕು. ದೊಡ್ಡದು ತಂದರೆ 14 ಇಂಚಿನ ಚಕ್ರದೊಳಗೆ ಹಿಡಿಸುವುದಿಲ್ಲ, ಚಕ್ರ ಬದಲಿಸಬೇಕು. ಪಿಸ್ಟನ್ ದೊಡ್ಡದಾದರೆ ಹಳೆಯ ಮಾಸ್ಟರ್ ಸಿಲಿಂಡರು ತಳ್ಳುವ ಆಯಿಲ್ ಸಾಲದೆ ಪೆಡಲು ಕೆಳಗಿಳಿಯುತ್ತದೆ, ಆಗ ಅದನ್ನೂ ಬದಲಿಸಬೇಕು. ಮುಂದಿನ ಬ್ರೇಕು ಅತಿಯಾಗಿ ಹಿಂದಿನದು ಸುಮ್ಮನಿದ್ದರೆ ಸಮತೋಲ ಕೆಡುತ್ತದೆ. ಹೀಗೆ ಒಂದು ಬದಲಾವಣೆ ಇನ್ನೊಂದನ್ನು ಹೆರುತ್ತ ಹೋಗುವುದನ್ನು ವೇದಾಂತದಲ್ಲಿ ಅನವಸ್ಥಾದೋಷ ಎನ್ನುತ್ತಾರೆ, ಗ್ಯಾರೇಜಿನಲ್ಲಿ ಬಿಲ್ಲು ಎನ್ನುತ್ತಾರೆ.

ಇನ್ನು ಎರಡು ಸ್ಥಳೀಯ ಪಂಥಗಳು. ವಿಶಾಖಾ ಪಂಥದ ಕೇಂದ್ರ ಗಾಜುವಾಕದ ಆಟೋನಗರ. ಅದರ ಮೂಲತತ್ತ್ವ ಜಲವಾದ: ಎಲ್ಲ ಕೇಡಿಗೂ ನೀರೇ ಕಾರಣ. ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲೇ ಇದ್ದೂ ಈ ಪಂಥಕ್ಕೆ ಲೋಹದ ಮೇಲೆ ನಂಬಿಕೆ ಕಡಿಮೆ. ಡಿಸ್ಕು ಎರಕದ ಕಬ್ಬಿಣ. ಕಡಲಿನ ಉಪ್ಪುಗಾಳಿಗೆ ರಾತ್ರಿ ಬಿಟ್ಟರೆ ಬೆಳಗ್ಗೆ ಕಾವಿ ಉಟ್ಟಿರುತ್ತದೆ. ಮೊದಲ ನಾಲ್ಕಾರು ಬ್ರೇಕಿಗೆ ಕರಕರ ಎಂದು ಸಂಸಾರಕ್ಕೆ ಮರಳುತ್ತದೆ. ಅದು ಚಿಂತೆಯಲ್ಲ. ಚಿಂತೆ ಇರುವುದು ಕಾಣದ ಕಡೆ: ಕ್ಯಾಲಿಪರ್ ಜಾರುವ ಪಿನ್ನುಗಳು ತುಕ್ಕಿಗೆ ಕಚ್ಚಿಕೊಂಡರೆ ಒಂದು ಪ್ಯಾಡು ಸವೆದು ಬೋಳಾಗುತ್ತದೆ, ಇನ್ನೊಂದು ಹೊಸದಾಗಿಯೇ ಉಳಿಯುತ್ತದೆ.

ಅದಕ್ಕಿಂತ ಆಳದ್ದು ಬ್ರೇಕ್ ಆಯಿಲ್. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಒತ್ತಡ ಎಲ್ಲ ಕಡೆಗೂ ಸಮನಾಗಿ ಹೋಗುತ್ತದೆ ಎಂದು ಹದಿನೇಳನೆಯ ಶತಮಾನದಲ್ಲೇ ಪಾಸ್ಕಲ್ ಹೇಳಿಟ್ಟ. ಅವನು ವಿಶಾಖಪಟ್ಟಣದ ಆರ್ದ್ರತೆ ಕಂಡವನಲ್ಲ. ಈ ಆಯಿಲು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯದು ಹೊಸದಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಅನಂತಗಿರಿಯ ಘಾಟಿಯಲ್ಲಿ ಅರಕುವಿನಿಂದ ಇಳಿಯುತ್ತ ಪೆಡಲಿನ ಮೇಲೆ ಕಾಲಿಟ್ಟೇ ಬಂದರೆ ಆ ಆಯಿಲು ಕುದಿಯುತ್ತದೆ, ಆವಿಯಾಗುತ್ತದೆ. ಆವಿ ಕುಗ್ಗುತ್ತದೆ. ಪೆಡಲು ನೆಲ ಮುಟ್ಟುತ್ತದೆ. ಆಗ ಕ್ಯಾಲಿಪರು ಎಷ್ಟೇ ಕೆಂಪಗಿದ್ದರೂ ಚಾಲಕನ ಮುಖ ಬಿಳುಪೇ. ಎರಡು ವರ್ಷಕ್ಕೊಮ್ಮೆ ಆಯಿಲು ಬದಲಿಸಿ ಏರ್ ತೆಗೆಸುವುದು, ಹತ್ತುವ ಗೇರಿನಲ್ಲೇ ಇಳಿಯುವುದು: ಜಲವಾದದ ಮಹಾವಾಕ್ಯಗಳು ಇವೆರಡೇ. ಇಲ್ಲೊಂದು ಪಾಠಶೋಧನೆ ಅಗತ್ಯ. ಡಾಟ್ 5.1 ಎಂಬುದು 4ರ ಜಾತಿಯದೇ, ಬೆರೆಯುತ್ತದೆ. ಡಾಟ್ 5 ಸಿಲಿಕೋನಿನದು, ಬೆರೆಸಬಾರದು. ನಡುವೆ ಇರುವುದು ಒಂದು ಚುಕ್ಕೆ. ಆದರೆ ಇದು ಪಾಠಾಂತರವಲ್ಲ, ಬೇರೆಯೇ ಗ್ರಂಥ.

ಬೆಜವಾಡ ಪಂಥಕ್ಕೆ ಪೀಠ 1960ರ ದಶಕದ ಜವಾಹರ್ ಆಟೋನಗರ. ಲಾರಿಗೆ ಬಾಡಿ ಕಟ್ಟುವ ಕೈಗಳ ಊರು. ಅವರ ಮುಂದೆ ಹಾಟ್ ಹ್ಯಾಚ್ ನಿಲ್ಲಿಸಿದರೆ ಮಗುವಿಗೆ ನೆಗಡಿಯೇ ಎಂಬಂತೆ ನೋಡುತ್ತಾರೆ. ಈ ಪಂಥದ್ದು ತಾಪವಾದ: ಮೇ ತಿಂಗಳಲ್ಲಿ 45 ಡಿಗ್ರಿ ದಾಟುವ ಊರಿನಲ್ಲಿ ಬ್ರೇಕು ಹೇಗೆ ತಣ್ಣಗಿರುತ್ತದೆ ಎಂಬ ವಾದ. ಇದು ಹೇತ್ವಾಭಾಸ. ಜೋರಾಗಿ ಹಿಡಿದ ಡಿಸ್ಕು ಮುನ್ನೂರು ಡಿಗ್ರಿ ದಾಟುತ್ತದೆ, ಅದಕ್ಕೆ ಹೊರಗಿನ ಮೂವತ್ತೂ ಒಂದೇ ನಲವತ್ತೈದೂ ಒಂದೇ. ಬಿಸಿಲಿನಿಂದ ಕೆಡುವುದು ಚಾಲಕನ ತಲೆ. ಬೆಂಜ್ ಸರ್ಕಲ್ಲಿನ ಸಂಜೆಯ ವೇಗದಲ್ಲಂತೂ ಬ್ರೇಕು ಬೆಚ್ಚಗಾಗುವುದೂ ಅನುಮಾನ. ಅಲ್ಲಿ ಅದರ ಕೆಲಸವನ್ನೆಲ್ಲ ಹಾರ್ನ್ ಮಾಡುತ್ತದೆ. ಬ್ರೇಕು ತನ್ನ ಗಾಡಿಯನ್ನು ನಿಲ್ಲಿಸುವ ಸಾಧನ, ಹಾರ್ನ್ ಉಳಿದವರ ಗಾಡಿಗಳನ್ನು ನಿಲ್ಲಿಸುವ ಸಾಧನ. ಪ್ಯಾಡು ಸವೆಯುವುದಿಲ್ಲ ಎಂಬ ಕಾರಣಕ್ಕೆ ಎರಡನೆಯದು ಜನಪ್ರಿಯ.

ಪೂಜಾವಿಧಾನದಲ್ಲಿ ಮಾತ್ರ ಎರಡೂ ಪಂಥಗಳಿಗೆ ಭೇದವಿಲ್ಲ. ವಿಶಾಖಪಟ್ಟಣದವರು ಸಂಪತ್ ವಿನಾಯಕನ ಮುಂದೆ, ಬೆಜವಾಡದವರು ಇಂದ್ರಕೀಲಾದ್ರಿಯ ದುರ್ಗಮ್ಮನ ಬಳಿ ಗಾಡಿ ತಂದು ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ಇದು ಗಾಡಿ ಹೊರಡುತ್ತದೆಯೇ ಎಂಬುದರ ಪರೀಕ್ಷೆ. ನಿಂಬೆಹಣ್ಣಿನ ಮುಂಚೆ ನಿಲ್ಲಿಸಿ ತೋರಿಸುವ ಪದ್ಧತಿ ಇದ್ದಿದ್ದರೆ ಈ ಪ್ರಬಂಧ ಬರೆಯಬೇಕಾಗಿರಲಿಲ್ಲ.

ಧರ್ಮಶಾಸ್ತ್ರ ಭಾಗ ಚಿಕ್ಕದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಗಿಯಾಗಿ ಹೇಳಿತು. ವಿಮೆಯವರಿಗೆ ತಿಳಿಸದೆ ಬ್ರೇಕು ಕೆದಕಿದವರು ಮುಂದೆ ಅವರ ಟೀಕಾಗ್ರಂಥ ಓದಬೇಕಾಗುತ್ತದೆ.

ಸಿದ್ಧಾಂತಕ್ಕೆ ಬರೋಣ. ಬೆಜವಾಡದ ಆಟೋನಗರದಲ್ಲಿ ಒಬ್ಬ ಹಿರಿಯ ಆಚಾರ್ಯರು, ಕೈಗೆ ಗ್ರೀಸು, ಕಿವಿಗೆ ಬೀಡಿ, ಒಂದೇ ಸೂತ್ರದಲ್ಲಿ ಮುಗಿಸಿದರು: "ಮುಂದು ಟೈರ್ಲು ಮಾರ್ಚಂಡಿ ಸಾರ್, ತರುವಾತ ಚೂದ್ದಾಂ." ಮೊದಲು ಟೈರು, ಮಿಕ್ಕದ್ದು ಆಮೇಲೆ. ಇದಕ್ಕೆ ಭಾಷ್ಯ: ಟೈರಿನ ಪಕ್ಕೆಯ ಮೇಲೆ ನಾಲ್ಕಂಕಿಯ ಶಾಸನವೊಂದಿದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2314 ಎಂದಿದ್ದರೆ 2014ರ 23ನೇ ವಾರದ್ದು. ಟ್ರೆಡ್ಡಿನ ಹುಬ್ಬು ಕನಿಷ್ಠ ಮಿತಿಯಾದ 1.6 ಮಿಲಿಮೀಟರಿಗಿಂತ ಹೆಚ್ಚೇ ಇರಬಹುದು, ರಬ್ಬರು ಮಾತ್ರ ಗಟ್ಟಿಯಾಗಿ ಶಿಲಾಶಾಸನದ ಗುಣ ಪಡೆದಿರುತ್ತದೆ. ಮನೆಯಿಂದಾಚೆ ಹೋಗದ ಹಳೆಯ ಹಾಟ್ ಹ್ಯಾಚುಗಳಲ್ಲಿ ಇಂಥ ಶಾಸನಗಳು ಹೇರಳ. ಟೈರಿನ ನಂತರ ಆಯಿಲು, ಆಮೇಲೆ ಒಳ್ಳೆಯ ಪ್ಯಾಡು, ಪಿನ್ನಿಗೆ ಗ್ರೀಸು, ಹಿಂದಿನ ಡ್ರಮ್ ಬಿಚ್ಚಿ ಶೂ ಸರಿಹೊಂದಿಕೆ. ಡ್ರಮ್ಮನ್ನು ಹಳೆಯದೆಂದು ಹೀಯಾಳಿಸುವವರು ಗಮನಿಸಬೇಕು: ಡ್ರಮ್ಮಿಗೆ ಲೂಯಿ ರೆನೋ, ಡಿಸ್ಕಿಗೆ ಲ್ಯಾಂಚೆಸ್ಟರ್, ಇಬ್ಬರದೂ 1902ರ ಕೆಲಸ. ಬ್ರೇಕು ಹಿಡಿದಾಗ ಕಾರಿನ ಭಾರವೆಲ್ಲ ಮುಂದಕ್ಕೆ ಬಾಗುವುದರಿಂದ ಹಿಂದಿನ ಚಕ್ರಕ್ಕೆ ಸಿಗುವ ಕೆಲಸವೇ ಸ್ವಲ್ಪ. ಇಷ್ಟೆಲ್ಲ ಮಾಡಿಯೂ ಹಣ ಉಳಿದಿದ್ದರೆ, ವಾರಕ್ಕೊಮ್ಮೆ ಅರಕು ಇಳಿಯುವ ಅಭ್ಯಾಸವಿದ್ದರೆ, ದೊಡ್ಡ ಡಿಸ್ಕು ಹಾಕಿಸಬಹುದು.

ಪ್ರಬಂಧದ ಪ್ರಾಯೋಗಿಕ ಭಾಗ ಬಾಕಿಯಿದೆ, ಅದಕ್ಕೆ ಕಾರುಗಳು ಬೇಕಾಗಿವೆ. ರತ್ನತ್ರಯದಲ್ಲಿ ಯಾವುದಾದರೂ ಆದೀತು. ಮಾಲೀಕರು ಬರುವಾಗ ಟೈರಿನ ನಾಲ್ಕಂಕಿಯನ್ನೂ ಬ್ರೇಕ್ ಆಯಿಲ್ ಬದಲಿಸಿದ ಬಿಲ್ಲನ್ನೂ ತರಬೇಕು. ಅವೆರಡೂ ಇಲ್ಲದವರು ದಯವಿಟ್ಟು ರೈಲಿನಲ್ಲಿ ಬನ್ನಿ; ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ ನಡುವೆ ರತ್ನಾಚಲ್ ಎಕ್ಸ್‌ಪ್ರೆಸ್ ಓಡುತ್ತದೆ.